ಎರಡು ಭೂತ

ಮಂಡಕ್ಕಿ ಭಟ್ಟಿಯ ಹೊಗೆ
ಕಿಟಕಿಯಿಂದ ಒಳಬಂದು ಹಾಜರಿ ಹಾಕಿದ ಮೇಲೇ
ನಮ್ಮ ತರಗತಿ ಶುರು.
ಮೆಟ್ಟಿಲು ಹದಿನೇಳು, ಬೆಂಚು ಮೂರು.
ಕೆಳಗೆ ಸೈಕಲ್ ರಿಪೇರಿ, ಮೇಲೆ ಇಟಾಲಿಯನ್.

'ದಾವಣಗೆರೆಯಲ್ಲಾ?' ಎಂದಿದ್ದರು ಫೋನಿನಲ್ಲಿ ನನ್ನ ಗೈಡು,
'ಅಲ್ಲಿ ಯಾರು ಕಲಿತಾರೆ?'
ಹೇಳಿದೆ: ನರ್ಸಿಂಗ್ ಮುಗಿಸಿದವರು ಆರು ಜನ,
ಟೈಲ್ಸ್ ಅಂಗಡಿಯ ಓಬಳೇಶ,
ಪೆಟ್ಟಿಗೆಯ ಮೇಲಿನ ಹೆಸರು ಸರಿಯಾಗಿ ಓದಬೇಕಂತೆ,
ಮತ್ತೆ ಮುರಿಗೆಪ್ಪನವರು, ಮಾಳಿಗೆಯ ಮಾಲೀಕರು.
ಬಾಡಿಗೆ ಕೇಳಲು ಬಂದವರು
ಕೂತೇಬಿಟ್ಟರು.

ಕಲಿಸುವುದು ಕಷ್ಟವಲ್ಲ.
ಆ ಭಾಷೆಯ ಮಾತೂ ನಮ್ಮದರ ಹಾಗೆ
ಸ್ವರದ ಮೇಲೆ ಕಾಲೂರಿ ನಿಲ್ಲುತ್ತದೆ.
ಒತ್ತಕ್ಷರಕ್ಕೆ ಹೆದರುವವರು ಇಲ್ಲಿ ಯಾರು?
ಅತ್ತೆ, ಕತ್ತೆ, ತಟ್ಟೆ, ರೊಟ್ಟಿ ಅಂದ ನಾಲಗೆ
ಲಾತ್ತೆ ಎಂದು ಹಾಲನ್ನೂ
ನೊತ್ತೆ ಎಂದು ರಾತ್ರಿಯನ್ನೂ
ಎಡವದೆ ದಾಟುತ್ತದೆ.
ಹಡಗಿಗೆ ಏನಂತಾರೆ? ನಾವೆ.
'ಅದು ನಮ್ಮದೇ ಅಲ್ವಾ ಮೇಡಂ?'
ಹೆಸರಿನಲ್ಲಿ ಕೆರೆ ಹೊತ್ತ ಊರಿಗೆ
ಒಂದು ಗಳಿಗೆ ಬಂದರು ಬಂತು.

ನೋವಿಗೆ ಮಾತ್ರ ಎಲ್ಲರೂ ನಕ್ಕರು.
ದೋವೆ ಲೆ ಫಾ ಮಾಲೆ? ಎಲ್ಲಿ ನೋಯುತ್ತದೆ ನಿಮಗೆ?
ಶಾಹೀನಾ ಪೆನ್ನು ಕೆಳಗಿಟ್ಟಳು:
'ನೋವಿಗೆ ಮಾಲೆ ಹಾಕ್ತಾರೇನ್ರೀ ಆ ಊರಲ್ಲಿ?'
ಆಮೇಲೆ ಅದೇ ಪ್ರಶ್ನೆ ನೂರು ಸಲ,
ಗೋಡೆಗೆ, ಬಾಗಿಲಿಗೆ, ಮೂಲೆಯ ಕೊಡೆಗೆ,
ಓಬಳೇಶನ ಬಲ ಮೊಣಕಾಲಿಗೆ.

ರಾತ್ರಿ ನನ್ನ ಪ್ರಬಂಧ.
ಯುದ್ಧ ಮುಗಿದ ಮೇಲಿನ ಅವರ ಕತೆ, ಕಾದಂಬರಿ, ಸಿನಿಮಾ.
ತುಟಿ ಬೀದಿಯವಳದು, ದನಿ ಇನ್ನಾರದೋ,
ಹಾಗೆ ಹೊಲಿದ ಚಿತ್ರಗಳು.
ಅಂಥದೊಂದರಲ್ಲಿ ನಲವತ್ತೆರಡು ಸೆಕೆಂಡು
ನೂಲಿನ ಗಿರಣಿಯ ಹೆಂಗಸರು ಹೊರಬರುತ್ತಾರೆ,
ಎಲ್ಲರ ಕಣ್ಣೂ ನೆಲದ ಮೇಲೆ.
ಅದಕ್ಕೆ ಹನ್ನೊಂದು ಪುಟ ಬರೆದಿದ್ದೆ:
ಸೋಲು, ಮೌನ, ಇತಿಹಾಸದ ಭಾರ,
ಅಡಿಟಿಪ್ಪಣಿ ಮೂವತ್ತು.

ಶನಿವಾರ ಗೋಡೆಗೆ ಬೆಡ್‌ಶೀಟು ಕಟ್ಟಿ ತೋರಿಸಿದೆ.
ಮುರಿಗೆಪ್ಪನವರು ಎದ್ದು ಪರದೆಯ ಹತ್ತಿರ ಹೋದರು,
ಅವರ ನೆರಳು ಗಿರಣಿಯ ಅರ್ಧ ಗೇಟು ಮುಚ್ಚಿತು.
'ಮೊದಲ್ನೇ ಪಾಳಿ ಬಿಟ್ಟೈತೆ' ಎಂದರು.
'ರೆಪ್ಪೆ ಮ್ಯಾಲೆ ಹತ್ತಿ ಕೂತಿರ್ತೈತ್ರೀ,
ತಲೆ ಎತ್ತಿದ್ರೆ ಕಣ್ಣಿಗೆ ಬೀಳ್ತೈತೆ.
ಮೂರು ಹೆಜ್ಜೆ ಆಗ್ಲಿ, ಒರೆಸ್ಕಂತಾರೆ, ನೋಡ್ರಿ.'
ಮೂರು.
ನಾಲ್ಕನೆಯದಕ್ಕೆ ಇಡೀ ಸಾಲು
ತೋಳಿನಿಂದ ಕಣ್ಣೊರೆಸಿಕೊಂಡಿತು.
ಎಷ್ಟು ಸಲ ನೋಡಿದ್ದೆ ನಾನು.

ಸೋಮವಾರದ ಪಾಠ ಭೂತಕಾಲ.
ಅವರಲ್ಲಿ ಎರಡು, ಹತ್ತಿರದ್ದು, ದೂರದ್ದು.
ಇವತ್ತಿಗೂ ತಾಗುವುದು ಹತ್ತಿರದ ಭೂತ,
ತಾಗದೆ ನಿಂತದ್ದು ದೂರದ್ದು, ಎಂದೆ, ಪುಸ್ತಕದಲ್ಲಿದ್ದಂತೆ.
ದಕ್ಷಿಣದವರು ಬೆಳಗಿನ ಕಾಫಿಯನ್ನೂ ದೂರ ತಳ್ಳುತ್ತಾರೆ,
ಉತ್ತರದವರು ಅಜ್ಜನ ಮದುವೆಯನ್ನೂ
ಹತ್ತಿರಕ್ಕೆಳೆದುಕೊಳ್ಳುತ್ತಾರೆ, ಎಂದೂ ಸೇರಿಸಿದೆ.
ಹಿಂದಿನ ಬೆಂಚು ಪಿಸುಗುಟ್ಟಿತು:
'ಎರಡು ಭೂತಾನಾ? ನಮ್ಮನೇಲಿ ಒಂದೇ ಸಾಕಾಗೈತೆ.'

ವಾಕ್ಯ ಕೊಟ್ಟೆ: ಗಿರಣಿ ಮುಚ್ಚಿತು.
ಹುಡುಗಿಯರೆಲ್ಲ ಬರೆದರು 'ಕ್ಯೂಸೆ', ದೂರದ್ದು, ಸರಿಯಾಗೇ,
ಅವರು ಹುಟ್ಟುವ ಮೊದಲಿನ ಮಾತು.
ಮುರಿಗೆಪ್ಪನವರ ನೋಟ್‌ಬುಕ್ಕಿನಲ್ಲಿ
ಗೆರೆ ಬಿಟ್ಟು ಏರಿದ ಅಕ್ಷರದಲ್ಲಿ 'ಆ ಕ್ಯೂಸೊ'.
ಹತ್ತಿರದ್ದು.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.

ಅಶೋಕ ರಸ್ತೆಯ ಗೇಟಿನಲ್ಲಿ ಗೂಡ್ಸು ನಿಂತಿರಬೇಕು,
ಹಾರ್ನುಗಳ ಗದ್ದಲ.
'ತಪ್ಪೇನ್ರೀ?' ಎಂದರು.
ಉತ್ತರದ ಕಡೆ ಹಾಗೇ ಅನ್ನುತ್ತಾರೆ, ಎಂದೆ.
'ಉತ್ತರ ಅಂದ್ರೆ, ಹರಪನಹಳ್ಳಿ ಕಡೆಯೋರಾ?'
ನಗದೆ ಕೇಳಿದರು.
ಹೂಂ, ಎಂದೆ,
ಮುಚ್ಚಳ ಎಲ್ಲಿ ಬಿತ್ತೆಂದು ಹುಡುಕುತ್ತಾ.